ಚೌಡಮ್ಮನ ಬಾಗಿಲಿಗೆ ಹನ್ನೆರಡು ಚೌಕ

ನಮ್ಮೂರಿನಲ್ಲಿ ಬೀಗ ಮಾರುವ ಅಂಗಡಿ ಇಲ್ಲ. ಹಿಂದೊಮ್ಮೆ ಯಾರೋ ಪರವೂರಿನವನು ಗೋಣಿಚೀಲದ ತುಂಬ ಬೀಗ ಹೊತ್ತು ತಂದು ಮೂರು ಸಂತೆ ಕೂತನಂತೆ. ಕೊನೆಗೆ ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಇಡೋಣ ಅಂತ ನಾಲ್ಕಾರು ಹೆಂಗಸರು ತಗೊಂಡರಂತೆ, ಅಷ್ಟೇ ಅವನ ವ್ಯಾಪಾರ. ನಮ್ಮೂರಿನ ಬಾಗಿಲು ತೆರೆಯುವುದು ತಟ್ಟಿದರೆ. ಸುಮ್ಮನೆ ದಬದಬ ಅಂತ ಬಡಿದರಲ್ಲ, ಆಯಾ ಬಾಗಿಲಿಗೆ ಆಯಾ ತಟ್ಟು. ಹೊಸ ಬಾಗಿಲು ನಿಲ್ಲಿಸಿದ ದಿನ ಮನೆಯ ಯಜಮಾನಿ ಮೊದಲ ಸಲ ಹೇಗೆ ತಟ್ಟುತ್ತಾಳೋ ಅದೇ ಅದರ ತಟ್ಟು. ಆಮೇಲೆ ಬ್ರಹ್ಮ ಬಂದು ಬೇರೆ ಥರ ತಟ್ಟಿದರೂ ಅದು ಜಗ್ಗುವುದಿಲ್ಲ. ಒಳಗಿನಿಂದಾದರೆ ಎಳೆದರೆ ಸಾಕು, ಬರುತ್ತೆ.

ತಟ್ಟು ಯಜಮಾನಿಯ ಕೈಯಲ್ಲಿ ಮಾತ್ರ ಇರುತ್ತೆ. ಅದಕ್ಕೇ ನಮ್ಮ ಜಗುಲಿಗಳು ಅಷ್ಟು ಅಗಲ. ಯಜಮಾನಿ ಸಂತೆಗೆ ಹೋಗಿದ್ದರೆ ಗಂಡ, ಮಕ್ಕಳು, ನೆಂಟರು ಎಲ್ಲರೂ ಜಗುಲಿಯಲ್ಲೇ. ಕಾಯಿ ಸುಲಿಯುವುದು ಅಲ್ಲೇ, ಮಕ್ಕಳು ಮಗ್ಗಿ ಒಪ್ಪಿಸುವುದು ಅಲ್ಲೇ, ಹೆಣ್ಣು ನೋಡುವ ಶಾಸ್ತ್ರವೂ ಅಲ್ಲೇ. ಅವಳು ಬಂದು ಸೆರಗಿನ ಮರೆಯಲ್ಲಿ ಕೈಯಿಟ್ಟು ತಟ್ಟುವಾಗ ಉಳಿದವರು ಬೀದಿಗಿಳಿದು, ಎರಡೂ ಕಿವಿ ಮುಚ್ಚಿಕೊಂಡು ಊ... ಅಂತ ಕೂಗಬೇಕು. ಹೊಸದಾಗಿ ಬಂದ ನೆಂಟರು ಮೊದಲ ಸಂಜೆ ಹೆದರಿಕೊಳ್ಳುತ್ತಾರೆ, ಇದೇನು ಬೀದಿ ಗಂಡಸರೆಲ್ಲ ಊಳಿಡುತ್ತಿದ್ದಾರಲ್ಲ ಅಂತ. ಯಜಮಾನಿಗೆ ಕೈಲಾಗದ ಕಾಲ ಬಂದಾಗ ಮಗಳನ್ನೋ ಸೊಸೆಯನ್ನೋ ಬಾಗಿಲ ಮುಂದೆ ನಿಲ್ಲಿಸಿ, ಅವಳ ಕೈಮೇಲೆ ತನ್ನ ಕೈಯಿಟ್ಟು ತಟ್ಟುತ್ತಾಳೆ. ಅಲ್ಲಿಗೆ ಮನೆ ಅವಳದ್ದಾಯಿತು.

ಹದಿನೈದು ದಿನ ಯಾರೂ ತಟ್ಟಿ ತೆರೆಯದೆ ಬಿಟ್ಟರೆ ಬಾಗಿಲು ಗೋಡೆಯಾಗುತ್ತೆ. ಹಾರೆ ಹಾಕಿ ಒಡೆದವರೂ ಇದ್ದಾರೆ. ಗೋಡೆಯ ಹಿಂದೆ ಗೋಡೆ ಸಿಕ್ಕಿತು, ಅದರ ಹಿಂದೆ ಇನ್ನೊಂದು. ಹಾಗೆ ಮನೆ ಕಳೆದುಕೊಂಡವರು ಕೆರೆ ಏರಿಯ ಮೇಲೆ ತಡಿಕೆಯ ಗುಡಿಸಲು ಹಾಕಿಕೊಂಡಿದ್ದಾರೆ. ಅವರಿಗೆ ಗೋಡೆಮನೆಯವರು ಅಂತ ಹೆಸರು. ಬಾಗಿಲು ಕಾಪಾಡಲಾಗದವರಿಗೆ ಇನ್ನೊಂದು ಬಾಗಿಲು ಯಾಕೆ ಅಂತ ಊರ ಬಡಗಿ ಅವರಿಗೆ ಕೆಲಸ ಮಾಡಿಕೊಡುವುದಿಲ್ಲ. ಅವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ.

ನಾನು ಲಿಂಗಾಜಮ್ಮ, ಮೂವತ್ತೊಂದು ವರ್ಷದಿಂದ ತಟ್ಟು ದಫ್ತರದಲ್ಲಿ ಬರೆಯುವವಳು. ಹೊಸ ಬಾಗಿಲು ನಿಂತ ದಿನ ಯಜಮಾನಿಯ ಪಕ್ಕದಲ್ಲಿ ಕಿವಿ ತೆರೆದುಕೊಂಡು ನಿಲ್ಲುವ ಹಕ್ಕು ಇಡೀ ಊರಿಗೆ ನನ್ನೊಬ್ಬಳದು. ನಮ್ಮ ಪುಸ್ತಕದ ಹಾಳೆಯಲ್ಲಿ ಅಚ್ಚು ಹಾಕಿದ ಚೌಕಗಳಿರುತ್ತವೆ, ನಾಲ್ಕು ನಾಲ್ಕರ ಗುಂಪು. ನಾನು ಕಾಲಿನಲ್ಲಿ ಒಂದೇ ಸಮ ಹೆಜ್ಜೆ ಹಾಕುತ್ತಾ ಕೇಳುತ್ತೇನೆ. ಒಂದು ಹೆಜ್ಜೆಗೆ ನಾಲ್ಕು ಚೌಕ, ಬಾಯಲ್ಲಿ ತಕಧಿಮಿ ಅಂದಷ್ಟು ಹೊತ್ತು. ಕೈ ಬಾಗಿಲಿಗೆ ಬಿದ್ದ ಚೌಕದಲ್ಲಿ ಚುಕ್ಕಿ, ಬೀಳದ ಚೌಕ ಖಾಲಿ. ಯಜಮಾನಿ ಏಕಾಏಕಿ ಸತ್ತರೆ, ಹಾಸಿಗೆ ಹಿಡಿದರೆ, ಮನೆಯ ವಾರಸುದಾರರು ಬಂದು ಕೇಳಿದರೆ ಪುಸ್ತಕ ತೆರೆಯುತ್ತೇವೆ. ನನ್ನ ಕಾಲದಲ್ಲಿ ಆರು ಸಲ ತೆರೆದೆ. ಆರೂ ಸಲ ನಾನೇ ಹೋಗಿ ತಟ್ಟಿದೆ, ಆರೂ ಬಾಗಿಲು ತೆರೆದವು. ಜಂಭ ಯಾಕಿರಬಾರದು ಹೇಳಿ. ಇತ್ತು.

ನನಗೆ ಕೆಲಸ ಕಲಿಸಿದವರು ಪುಟ್ಟಸ್ವಾಮಯ್ಯ ಮೇಷ್ಟ್ರು. ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನೋಡು ಲಿಂಗಾಜಿ, ಊರಿನ ಹೆಜ್ಜೆ ನಾಲ್ಕು ಚೌಕದ್ದು. ಅದರೊಳಗೆ ಕೂರದೆ ಇರೋದು ತಟ್ಟಲ್ಲ, ಕೈತಪ್ಪು. ತಿದ್ದಿ ಬರಿ." ಮೇಷ್ಟ್ರ ಮಾತು ನನಗೆ ವೇದ.

ಅವರೆಕಾಯಿ ಕಾಲ ಶುರುವಾದ ಹೊಸದರಲ್ಲಿ ಸಂಡಿಗೆ ಚೌಡಮ್ಮ ಸಂತೆಯಲ್ಲಿ ಕೂತಲ್ಲೇ ವಾಲಿದಳು. ಲಕ್ವ. ಬಲಗೈ ಜೋತುಬಿತ್ತು, ಬಾಯಿ ಒಂದು ಕಡೆ ಎಳೆದುಕೊಂಡಿತು, ಮಾತು ಹೋಯಿತು. ಆಸ್ಪತ್ರೆಗೆ ಸೇರಿಸಿದರು. ಮೂರು ವಾರ ಮಂಚದಿಂದ ಅಲ್ಲಾಡಿಸಬೇಡಿ, ಅಲ್ಲಾಡಿಸಿದರೆ ನಾನು ಜವಾಬ್ದಾರನಲ್ಲ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಗಂಡ ಸತ್ತು ಹತ್ತು ವರ್ಷವಾಗಿತ್ತು, ಮನೆಯಲ್ಲಿ ಅವಳೊಬ್ಬಳೇ. ಮಗಳು ಮಾದೇವಿ ಇದ್ದಳು, ಆದರೆ ಇದ್ದೂ ಇಲ್ಲದ ಹಾಗೆ. ನಾಲ್ಕು ವರ್ಷದ ಹಿಂದೆ ಮಾದೇವಿ ಏರಿ ಮೇಲಿನ ಗೋಡೆಮನೆಯವರ ಹುಡುಗ ಚಿಕ್ಕೀರಯ್ಯನನ್ನು ಮದುವೆಯಾಗಿದ್ದಳು. "ತಮ್ಮ ಬಾಗಿಲನ್ನೇ ಉಳಿಸಿಕೊಳ್ಳದ ಮನೆತನಕ್ಕೆ ಹೋಗ್ತೀಯ? ಹೋಗು. ನಿನ್ನ ಕೈಮೇಲೆ ನನ್ನ ಕೈ ಈ ಜನ್ಮದಲ್ಲಿ ಇಡಲ್ಲ" ಅಂತ ಚೌಡಮ್ಮ ಬೀದಿಯಲ್ಲಿ ನಿಂತು ಹೇಳಿದ್ದು ನಾನೇ ಕೇಳಿದ್ದೆ. ಆಮೇಲೆ ತಾಯಿ ಮಗಳು ಮುಖ ನೋಡಿರಲಿಲ್ಲ.

ಐದನೆಯ ದಿನ ಮಾದೇವಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ದಫ್ತರಕ್ಕೆ ಬಂದಳು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ.

"ನಾಲ್ಕು ವರ್ಷ ಇಲ್ಲದ ಅಮ್ಮ ಈಗ ನೆನಪಾದಳೇನೇ? ಮನೆ ಕೈಬಿಟ್ಟು ಹೋಗುತ್ತೆ ಅಂತಲೋ?" ಅಂದೆ.

"ಮನೆ ನನಗೆ ಬೇಡ ದೊಡ್ಡಮ್ಮ" ಅಂದಳು. ಅಳಲಿಲ್ಲ. "ಅಮ್ಮ ಹುಷಾರಾಗಿ ಬರೋ ಹೊತ್ತಿಗೆ ಅಲ್ಲಿ ಗೋಡೆ ಇದ್ರೆ ಅವಳು ಬದುಕಲ್ಲ. ಗೋಡೆಮನೆಯವಳು ಅನ್ನಿಸ್ಕೊಂಡು ಏರಿ ಮೇಲೆ ಬಂದಿರೋಳೇ ಅವಳು? ನನ್ನ ಗುಡಿಸಲಿಗೆ ಹೆಣವಾಗಿಯೂ ಬರಲ್ಲ. ನಿಮ್ಮ ಪುಸ್ತಕ ತೆಗೀರಿ. ಬಾಗಿಲು ಉಳಿಸಿಕೊಡಿ, ಸಾಕು."

ವಾರಸುದಾರಳು ಕೇಳಿದ್ದಾಳೆ, ಕಾಯಿದೆ ಪ್ರಕಾರ ಇಲ್ಲವೆನ್ನುವ ಹಾಗಿಲ್ಲ. ಇಪ್ಪತ್ತಾರು ವರ್ಷದ ಹಿಂದಿನ ಪುಸ್ತಕ ತೆಗೆದೆ. ನನ್ನದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ. ನಾಲ್ಕು ಹೆಜ್ಜೆಯ ತಟ್ಟು, ಹದಿನಾರು ಚೌಕ. ಮನಸ್ಸಿನಲ್ಲೇ ಓದಿಕೊಂಡು ಚೌಡಮ್ಮನ ಮನೆಗೆ ಹೊರಟೆ. ಮಾದೇವಿ ಬೀದಿಯ ಆಚೆ ನಿಂತಳು. ಕೂಸನ್ನು ಎತ್ತಿಕೊಂಡಿದ್ದರಿಂದ ಒಂದು ಕಿವಿಗೆ ಕೈ, ಇನ್ನೊಂದು ಕಿವಿಗೆ ಕೂಸಿನ ತಲೆ ಒತ್ತಿಕೊಂಡು ಊ... ಅಂದಳು. ಕೂಸು ನಕ್ಕಿತು. ನಾನು ಸೆರಗು ಮರೆ ಮಾಡಿ, ಕಾಲಿನಲ್ಲಿ ಹೆಜ್ಜೆ ಹಿಡಿದು, ಬರೆದದ್ದು ಬರೆದ ಹಾಗೆ ತಟ್ಟಿದೆ.

ಬಾಗಿಲು ಕದಲಲಿಲ್ಲ.

ನಿಧಾನಕ್ಕೆ ತಟ್ಟಿದೆ, ಜೋರಾಗಿ ತಟ್ಟಿದೆ, ಬಳೆ ಹಿಂದಕ್ಕೆ ಸರಿಸಿಕೊಂಡು ತಟ್ಟಿದೆ. ಚಳಿಗೆ ಮರ ಬಿಗಿದುಕೊಂಡಿದೆ ಅಂದೆ. ಬಡಗಿ ಹಸಿ ಮರ ಹಾಕಿದ್ದಾನೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಕ್ಕದ ಜಗುಲಿಯಲ್ಲಿ ಕೂತಿದ್ದವರು ಕಿವಿಯಿಂದ ಕೈ ತೆಗೆದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಂಗಾಜಮ್ಮನ ಪುಸ್ತಕಕ್ಕೆ ಬಾಗಿಲು ತೆರೆಯಲಿಲ್ಲ ಅನ್ನುವ ಸುದ್ದಿ ನಾನು ದಫ್ತರಕ್ಕೆ ವಾಪಸು ಹೋಗುವ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು.

ಏಳನೆಯ ದಿನ ಆಸ್ಪತ್ರೆಗೆ ಹೋದೆ. ಮಾದೇವಿಯೂ ಬಂದಳು. ಮಗಳು ಬಾಗಿಲಲ್ಲಿ ಕಂಡದ್ದೇ ಚೌಡಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನಾನು ಮಾದೇವಿಯನ್ನು ಹೊರಗೆ ಕಳಿಸಿದೆ, ಕಿವಿ ಮುಚ್ಚಿಕೋ ಅಂದೆ, ಪದ್ಧತಿ ಪದ್ಧತಿಯೇ. ಆಮೇಲೆ, "ಚೌಡಿ, ಎಡಗೈ ಆಡುತ್ತಲ್ಲ, ಮಂಚದ ಪಟ್ಟಿಯ ಮೇಲೆ ನಿನ್ನ ತಟ್ಟು ಒಂದು ಸಲ ತಟ್ಟು ನೋಡೋಣ" ಅಂದೆ. ತಟ್ಟಿದಳು. ನಾನು ಕಾಲಿನಲ್ಲಿ ಹೆಜ್ಜೆ ಹಾಕುತ್ತಾ ಕೇಳಿದೆ. ಹೆಜ್ಜೆಗೆ ಸರಿಯಾಗಿ ಬೀಳುತ್ತಿತ್ತು, ಆದರೆ ಹೆಜ್ಜೆಯ ನಡುವೆ ಬೀಳುವ ಸಣ್ಣ ಏಟು ಬೇಗ ಬೇಗ ಬಂದುಬಿಡುತ್ತಿತ್ತು, ಚೌಕಕ್ಕೆ ಕೂರದು. ಪಾಪ, ಲಕ್ವ ಹೊಡೆದ ಮೈ, ಎಡಗೈ ಬೇರೆ, ಕುಂಟುತ್ತಿದೆ ಅಂದುಕೊಂಡೆ. "ಗೊತ್ತಾಯ್ತು ಬಿಡು, ನಾನು ಬರೆದ ಹಾಗೇ ಇದೆ" ಅಂದೆ.

ಚೌಡಮ್ಮ ತಲೆ ಅಲ್ಲಾಡಿಸಿದಳು. ಮತ್ತೆ ತಟ್ಟಿದಳು. ನಾನು ಸಮಾಧಾನ ಮಾಡುವವಳ ಹಾಗೆ ಅವಳ ಕೈ ಹಿಡಿದು ನಾಲ್ಕು ಚೌಕಕ್ಕೆ ಕೂರಿಸಿ ತಟ್ಟಿ ತೋರಿಸಿದೆ. ಕೈ ಕಿತ್ತುಕೊಂಡಳು. ಮಂಚಕ್ಕೆ ಗುದ್ದಿದಳು. ಕಣ್ಣಲ್ಲಿ ನೀರು. ಆಯಾಸ ಮಾಡಿಕೋಬೇಡ ಅಂತ ಹೇಳಿ ಹೊರಗೆ ಬಂದೆ. ಅವಳ ಬಾಗಿಲಿನ ತಟ್ಟು ಹೀಗಲ್ಲ ಅಂತ ಅವಳೇ ಹೇಳುತ್ತಿದ್ದಾಳೆ, ನಾನು ಅವಳನ್ನೇ ತಿದ್ದಿ ಬಂದಿದ್ದೇನೆ. ಈಗ ನೆನೆದರೆ ಮೈ ಹಿಡಿಯಾಗುತ್ತೆ.

ದಿನಾ ಹೋಗಿ ತಟ್ಟಿದೆವು. ಕೊನೆ ಕೊನೆಗೆ ನಾನು ಮಾದೇವಿಗೇ ಹಾಳೆ ತೋರಿಸಿ ಕಲಿಸಿದೆ, ವಾರಸುದಾರಳ ಕೈಗಾದರೂ ಒಲಿಯಲಿ ಅಂತ. ಅವಳು ಬರೆದ ಹಾಗೆ ಚಾಚೂ ತಪ್ಪದೆ ತಟ್ಟಿದಳು. ಬಾಗಿಲು ಕಲ್ಲು. ಹದಿನೈದನೆಯ ದಿನ ಹೋಗಿ ನೋಡುತ್ತೇನೆ, ಬಾಗಿಲಿನ ಕೆಳಗಿನ ಅಂಚು ಬೆಳ್ಳಗಾಗಿದೆ. ಉಗುರಿನಲ್ಲಿ ಕೆರೆದರೆ ಸುಣ್ಣ ಉದುರಿತು. ಸಂಜೆ ಹೊತ್ತು ಮುಳುಗಿದರೆ ಮುಗಿಯಿತು.

ಮಧ್ಯಾಹ್ನದವರೆಗೆ ತಟ್ಟಿ ತಟ್ಟಿ ನನ್ನ ಕೈ ಕೆಂಪಗಾಯಿತು. ಜಗುಲಿಯ ಮೇಲೆ ಕುಕ್ಕರಿಸಿದೆ. ಮಾದೇವಿ ಒಂದು ಮೊರ ಅವರೆಕಾಯಿ ತಂದಿದ್ದಳು. ನಮ್ಮೂರಿನವರಿಗೆ ಜಗುಲಿಯಲ್ಲಿ ಬರಿಗೈಯಲ್ಲಿ ಕೂರೋಕೆ ಬರಲ್ಲ, ಆಕಾಶ ಕಳಚಿ ಬೀಳುತ್ತಿದ್ದರೂ ಏನಾದರೂ ಸುಲಿಯುತ್ತಿರಬೇಕು. ನಾನೂ ಸುಲಿಯತೊಡಗಿದೆ. ಕೂಸು ನಿದ್ದೆಗೆ ರಚ್ಚೆ ಹಿಡಿಯಿತು. ಮಾದೇವಿ ಮೊರ ಪಕ್ಕಕ್ಕಿಟ್ಟು, ಕೂಸನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟತೊಡಗಿದಳು.

ನನಗೆ ಅಭ್ಯಾಸ ನೋಡಿ, ಯಾರು ಏನು ತಟ್ಟಿದರೂ ಕಾಲು ಹೆಜ್ಜೆ ಹಾಕುತ್ತೆ. ಹಾಕಿತು. ಎರಡು ಸುತ್ತು ಕೇಳುವುದರೊಳಗೆ ಸಿಟ್ಟು ಬಂತು.

"ಅದೇನೇ ಹಂಗೆ ಕುಂಟ್ಕೊಂಡು ತಟ್ತೀಯ? ಮಗೂನ ನೆಟ್ಟಗೆ ತಟ್ಟೋಕೂ ಬರಲ್ವಾ?"

"ಹೀಗೆ ತಟ್ಟಿದ್ರೇನೇ ಇದು ಮಲಗೋದು ದೊಡ್ಡಮ್ಮ. ನನ್ನ ಅತ್ತೆ ಎಷ್ಟು ಥರ ತಟ್ಟಿ ನೋಡಿದ್ರು, ಉಹೂಂ. ನಂಗೂ ಹೀಗೇ ತಟ್ತಿದ್ರಂತೆ."

"ಯಾರು ತಟ್ತಿದ್ರು?"

"ಇನ್ಯಾರು? ಅಮ್ಮ."

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಆಸ್ಪತ್ರೆಯ ಮಂಚದ ಪಟ್ಟಿ ಕಿವಿಯಲ್ಲಿ ಕೇಳಿಸಿತು. ಅದೇ ಕುಂಟು. ತಾಯಿಗೆ ಲಕ್ವ, ಸರಿ. ಮಗಳ ಕೈಗೇನು ಬಂತು ರೋಗ?

"ನಿಲ್ಲಿಸಬೇಡ ಕಣೇ, ತಟ್ತಾನೇ ಇರು" ಅಂದೆ. ಕಾಲು ಹೆಜ್ಜೆ ಹಾಕುತ್ತಿತ್ತು, ಬಾಯಿ ತಕಧಿಮಿ ಅನ್ನುತ್ತಿತ್ತು. ಹೆಜ್ಜೆ ಸೇರುತ್ತೆ, ತಕಧಿಮಿ ಸೇರುವುದಿಲ್ಲ. ನಾಲ್ಕನೆಯ ಅಕ್ಷರಕ್ಕೆ ಬೀಳಬೇಕಾದ ಏಟು ಅದಕ್ಕಿಂತ ಮುಂಚೆಯೇ ಬಿದ್ದಿರುತ್ತೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ. ಅದನ್ನೇ ತಾನೇ ನಾನು ತಿದ್ದಿದ್ದು, ನಾಲ್ಕನೆಯ ಚೌಕಕ್ಕೆ ತಳ್ಳಿದ್ದು. ತಲೆ ಕೆರೆದುಕೊಂಡು ಕೈಯಲ್ಲಿದ್ದ ಕಾಯಿ ಬಿಡಿಸಿದೆ. ಒಳಗೆ ಮೂರು ಕಾಳು. ಇನ್ನೊಂದು ಬಿಡಿಸಿದೆ, ಅದರಲ್ಲೂ ಮೂರು. ಸುಮ್ಮನೆ ನೋಡುತ್ತಾ ಕೂತೆ. ಎಲ್ಲ ಸಿಪ್ಪೆಗೂ ನಾಲ್ಕೇ ಕಾಳಿರಬೇಕು ಅಂತ ಯಾವ ಮೇಷ್ಟ್ರು ಹೇಳಿದ್ದರು? ಸಿಪ್ಪೆಯ ಉದ್ದ ಅಷ್ಟೇ ಇರಬಹುದು, ಒಳಗೆ ಮೂರು ಕಾಳು ದಪ್ಪದಪ್ಪಗೆ ಕೂತಿರಬಹುದಲ್ಲ.

ಜಗುಲಿಯ ಮೇಲೆ ಕಾಳು ಇಟ್ಟೆ. ಒಂದು ಹೆಜ್ಜೆಗೆ ಮೂರು, ನಾಲ್ಕು ಹೆಜ್ಜೆಗೆ ಹನ್ನೆರಡು. ಬಾಯಲ್ಲಿ ತಕಧಿಮಿ ಬಿಟ್ಟು ತಕಿಟ ತಕಿಟ ಅಂದೆ. ಮಾದೇವಿಯ ಒಂದೊಂದು ಏಟೂ ಸರಿಯಾಗಿ ಒಂದು ಕಾಳಿನ ಮೇಲೆ ಬಂದು ಕೂತಿತು. ಮೊದಲ ಹೆಜ್ಜೆಯಲ್ಲಿ ಒಂದನೆಯ ಕಾಳಿಗೆ ಏಟು, ಎರಡನೆಯದು ಬಿಟ್ಟು, ಮೂರನೆಯದಕ್ಕೆ ಏಟು. ಎರಡನೆಯ ಹೆಜ್ಜೆಯೂ ಹಾಗೇ. ಮೂರನೆಯದರಲ್ಲಿ ಮೂರಕ್ಕೂ. ನಾಲ್ಕನೆಯದರಲ್ಲಿ ಮೊದಲನೆಯದಕ್ಕೆ ಮಾತ್ರ. ತಾ-ಕ, ತಾ-ಕ, ತಕಿಟ, ತಾ. ಎಲ್ಲಿ ಕುಂಟು? ತೊಟ್ಟಿಲು ತೂಗಿದಷ್ಟು ನೆಟ್ಟಗಿತ್ತು. ಕುಂಟುತ್ತಿದ್ದದ್ದು ನನ್ನ ಚೌಕ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುವ ಗಾದೆ ಸಾವಿರ ಸಲ ಆಡಿದ್ದೇನೆ, ಕಣ್ಣಾರೆ ಕಂಡದ್ದು ಅವತ್ತೇ.

"ಮಾದೇವಿ, ಏಳೇ! ಮಗೂನ ಇಲ್ಲಿ ಕೊಡು. ಬೆನ್ನು ತಟ್ಟಿದ ಹಾಗೇ ಬಾಗಿಲು ತಟ್ಟು" ಅಂದೆ. ಅವಳು ನನ್ನನ್ನು ಹುಚ್ಚು ಹಿಡಿದವಳನ್ನು ನೋಡುವ ಹಾಗೆ ನೋಡಿದಳು. ಅಷ್ಟರಲ್ಲಿ ಬಾಗಿಲಿನ ಬಿಳುಪು ಮೊಣಕಾಲು ಮಟ್ಟಕ್ಕೆ ಏರಿತ್ತು. ತಟ್ಟಿದಳು. ಬಾಗಿಲು ಒಳಗೆಲ್ಲೋ ಕಿರ್ ಅಂತು, ಹದಿನೈದು ದಿನದಲ್ಲಿ ಮೊದಲ ಸದ್ದು. ಆದರೆ ತೆರೆಯಲಿಲ್ಲ. ಇನ್ನೊಂದು ಸಲ. ಮತ್ತೆ ಕಿರ್, ಅಷ್ಟೇ.

ನನ್ನ ಹೆಗಲ ಮೇಲಿದ್ದ ಕೂಸು ಅರೆನಿದ್ದೆಯಿಂದ ಎದ್ದು ಚೀರಿತು. ನಾನು ತಟ್ಟಿದೆ. ಮಾದೇವಿ ಬಾಗಿಲಿನ ಕಡೆಯಿಂದಲೇ ಕುತ್ತಿಗೆ ತಿರುಗಿಸಿ, "ಕೊನೆ ಏಟಿಗೆ ಕೈ ಎತ್ತಬೇಡಿ ದೊಡ್ಡಮ್ಮ, ಎತ್ತಿದ ತಕ್ಷಣ ಎದ್ದುಬಿಡುತ್ತೆ. ಅಲ್ಲೇ ಇಟ್ಟಿರಿ ಸ್ವಲ್ಪ ಹೊತ್ತು" ಅಂದಳು. ಅಂದವಳು ತಾನೇ ಬಾಯಿ ತೆರೆದುಕೊಂಡು ನಿಂತಳು. ನಾನೂ ನಿಂತೆ. ಆಮೇಲೆ ಅವಳು ಬಾಗಿಲಿಗೆ ತಿರುಗಿ ತಟ್ಟಿದಳು, ತಾ-ಕ, ತಾ-ಕ, ತಕಿಟ, ತಾ, ಕೊನೆಯ ಏಟಿಗೆ ಅಂಗೈ ಪೂರ್ತಿ ಬಿಚ್ಚಿ ಬಾಗಿಲಿನ ಮೇಲೆ ಹಾಗೇ ಇಟ್ಟಳು. ಎಣಿಸಿದೆ, ಮೂರು ಕಾಳಿನಷ್ಟು ಹೊತ್ತು.

ಬಾಗಿಲು ತೆರೆಯಿತು. ಒಳಗಿಂದ ಜೀರಿಗೆಯ, ಬೂದುಗುಂಬಳ ಸಂಡಿಗೆಯ ವಾಸನೆ ಬಂತು. ಮೊಣಕಾಲು ಮಟ್ಟದ ಬಿಳುಪೆಲ್ಲ ಸುಣ್ಣವಾಗಿ ಹೊಸ್ತಿಲ ಮೇಲೆ ಉದುರಿತು. ಮಾದೇವಿ ಒಳಗೆ ಕಾಲಿಡಲಿಲ್ಲ. ಸೆರಗಿನಿಂದ ಹೊಸ್ತಿಲ ಸುಣ್ಣ ಒರೆಸಿದಳು, ಬಾಗಿಲು ಎಳೆದು ಮುಚ್ಚಿದಳು. ಆಮೇಲೆ ಜಗುಲಿಯ ಕಂಬ ಹಿಡಿದುಕೊಂಡು ಜೋರಾಗಿ ಅತ್ತಳು. "ಕೊಡಲ್ಲ ಅಂದಿದ್ಲು ದೊಡ್ಡಮ್ಮ. ಈ ಜನ್ಮದಲ್ಲಿ ಕೊಡಲ್ಲ ಅಂದಿದ್ಲು" ಅಂತ ಅದನ್ನೇ ಹೇಳಿ ಹೇಳಿ ಅತ್ತಳು. ನನಗೂ ತಡೆಯಲಾಗಲಿಲ್ಲ, ಅತ್ತೆ.

ಕಣ್ಣೊರೆಸಿಕೊಂಡು ಅವಳು ಕೇಳಿದ್ದು ಒಂದೇ. "ಅಮ್ಮನಿಗೆ ನಾನು ತೆರೆದೆ ಅಂತ ಹೇಳಬೇಡಿ. ಕದ್ದು ಕಲಿತಿದ್ದಾಳೆ ಅಂದ್ಕೋತಾಳೆ. ಪುಸ್ತಕದಿಂದ ತೆರೀತು ಅಂತ ಹೇಳಿ." ನಾನು ಹೂಂ ಅಂದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿಯೇ ಅಂದೆ. ಲಿಂಗಾಜಮ್ಮನ ಪುಸ್ತಕ ಏಳನೆಯ ಬಾಗಿಲನ್ನೂ ತೆರೆಯಿತು ಅಂತ ಊರು ಮಾತಾಡಿಕೊಂಡರೆ ಯಾರಿಗೆ ನಷ್ಟ?

ದಫ್ತರಕ್ಕೆ ಬಂದು ಹಾಳೆ ತಿದ್ದೋಣ ಅಂತ ಪುಸ್ತಕ ಬಿಡಿಸಿದೆ. ಹದಿನಾರು ಚೌಕದ ಕೆಳಗೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಇಷ್ಟು ದಿನ ಚೌಕ ನೋಡುವ ಭರದಲ್ಲಿ ಅದನ್ನು ಓದಿರಲಿಲ್ಲ. "ಕೂಸು ಬಹಳ ಅಳುತ್ತಿತ್ತು. ತಟ್ಟು ಕುಂಟಾಗಿ ಬಂತು. ತಿದ್ದಿ ಬರೆದಿದ್ದೇನೆ." ನನ್ನದೇ ಕೈ. ಓದಿದ ಮೇಲೆ ಆ ದಿನ ಪೂರ್ತಿ ಕಣ್ಣ ಮುಂದೆ ಬಂತು. ಚೌಡಮ್ಮ ಆಗ ಹಸಿ ಬಾಣಂತಿ, ಮೂರು ತಿಂಗಳ ಮಾದೇವಿ ಎಡ ಹೆಗಲ ಮೇಲೆ ಬಿಕ್ಕುತ್ತಿದ್ದಳು. ಎಡಗೈ ಕೂಸಿನ ಬೆನ್ನು ತಟ್ಟುತ್ತಿತ್ತು. ಮುಹೂರ್ತ ಮೀರುತ್ತೆ ತಟ್ಟಮ್ಮ ಅಂತ ಎಲ್ಲರೂ ಅವಸರ ಮಾಡಿದಾಗ, ಎಡಗೈ ನಿಲ್ಲಿಸದೆ, ಅದರ ಜೊತೆಗೇ ಬಲಗೈಯಿಂದ ಬಾಗಿಲು ತಟ್ಟಿದ್ದಳು. ಆ ಬಾಗಿಲಿನ ತಟ್ಟು ಅಂದರೆ ಮಾದೇವಿಯನ್ನು ಸಮಾಧಾನ ಮಾಡಿದ ತಟ್ಟು. ಬೇರೆ ಏನೂ ಅಲ್ಲ.

ಆಮೇಲೆ ನನಗೆ ಇನ್ನೊಂದು ಯೋಚನೆ ಬಂತು, ಬರಬಾರದಿತ್ತು ಅನ್ನಿಸುವಂಥದ್ದು. ಮೇಲಿನ ಗೂಡಿನಿಂದ ಮೇಷ್ಟ್ರ ಕಾಲದ ಪುಸ್ತಕ ಇಳಿಸಿದೆ. ಚಿಕ್ಕೀರಯ್ಯನ ಅಜ್ಜಿಯ ಬಾಗಿಲು ಹುಡುಕಿದೆ. ಸಿಕ್ಕಿತು. "ನಾಲ್ಕು ಚೌಕಕ್ಕೆ ಕೂರಲಿಲ್ಲ. ಕೈತಪ್ಪು. ತಿದ್ದಿದೆ." ಅದರ ಕೆಳಗೆ, ಆ ಅಜ್ಜಿ ಸತ್ತ ವರ್ಷ ಬೇರೆ ಶಾಯಿಯಲ್ಲಿ ಬರೆದದ್ದು: "ಪುಸ್ತಕ ತೆರೆದು ತಟ್ಟಿದರೂ ಬಾಗಿಲು ತೆರೆಯಲಿಲ್ಲ. ಈ ಮನೆಯವರ ನಡತೆ ಸರಿ ಇಲ್ಲ." ಮೇಷ್ಟ್ರು ದೇವರಂಥವರು. ಆ ಒಂದು ಸಾಲಿಗೆ ಮೂರು ತಲೆಮಾರು ಏರಿಯ ಮೇಲೆ ಬಿತ್ತು.

ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಚೌಡಮ್ಮನ ಮಂಚದ ಪಕ್ಕ ಕೂತೆ. ಎರಡೂ ಪುಸ್ತಕ ತೊಡೆಯ ಮೇಲಿದ್ದವು. "ಬಾಗಿಲು ತೆರೀತು ಕಣೇ" ಅಂದೆ. ಅವಳ ಮುಖ ಅರಳಿತು. ಅಲ್ಲಿಗೇ ನಿಲ್ಲಿಸಿ ಎದ್ದು ಬರಬಹುದಿತ್ತು, ಮಾದೇವಿ ಹೇಳಿದ್ದೂ ಅಷ್ಟನ್ನೇ. "ನನ್ನ ಪುಸ್ತಕದಿಂದ ತೆರೀಲಿಲ್ಲ. ಪುಸ್ತಕ ಸುಳ್ಳು. ಇಪ್ಪತ್ತಾರು ವರ್ಷದ ಹಿಂದೆ ನೀನು ಸರಿಯಾಗಿ ತಟ್ಟಿದೆ, ನಾನು ತಪ್ಪು ಬರೆದೆ. ಮೊನ್ನೆ ನೀನು ಇಲ್ಲಿ ಸರಿಯಾಗಿ ತಟ್ಟಿದೆ, ನಾನು ಮತ್ತೆ ತಪ್ಪು ಕೇಳಿದೆ. ತೆರೆದದ್ದು ನಿನ್ನ ಮಗಳು. ಕದ್ದು ಕಲೀಲಿಲ್ಲ ಅವಳು. ನೀನೇ ಬೆನ್ನ ಮೇಲೆ ಕಲಿಸಿದ್ದು, ಅವಳಿಗೆ ಹಲ್ಲು ಬರೋ ಮುಂಚೆ" ಅಂದೆ. ಆಮೇಲೆ ಹಳೆಯ ಪುಸ್ತಕ ಬಿಡಿಸಿ ಚಿಕ್ಕೀರಯ್ಯನ ಅಜ್ಜಿಯ ಹಾಳೆ ಓದಿ ಹೇಳಿದೆ. "ಅವರ ಬಾಗಿಲು ಗೋಡೆಯಾದದ್ದು ಅವರ ನಡತೆಗಲ್ಲ ಚೌಡಿ. ನಮ್ಮ ದಫ್ತರಕ್ಕೆ ಮೂರು ಎಣಿಸೋಕೆ ಬರ್ತಿರಲಿಲ್ಲ, ಅದಕ್ಕೆ."

ಚೌಡಮ್ಮ ಎಡಗೈ ಎತ್ತಿ ನನ್ನ ಕೆನ್ನೆಗೆ ಒಂದು ಬಿಟ್ಟಳು. ಜೋರೇನಲ್ಲ, ಆದರೆ ಬಿತ್ತು. ಬೀಳಬೇಕಾದದ್ದೇ. ನಂತರ ಬಹಳ ಹೊತ್ತು ಗೋಡೆಯ ಕಡೆ ತಿರುಗಿಕೊಂಡಿದ್ದಳು, ಬೆನ್ನು ಅಲುಗುತ್ತಿತ್ತು. ನಾನು ಎದ್ದು ಹೋಗಲಿಲ್ಲ.

ಸಂತೆಯ ದಿನ ಕಟ್ಟೆ ಹತ್ತಿ ಊರಿಗೆಲ್ಲ ಇದನ್ನೇ ಹೇಳಿದೆ. ಕೆಲವರು ನಕ್ಕರು, ಕೆಲವರು ಬೈದರು, ಏರಿ ಮೇಲಿನವರು ಕೊನೆತನಕ ಕೇಳಿ, ತಮ್ಮ ಬುಟ್ಟಿ ಎತ್ತಿಕೊಂಡು ಏರಿಯ ಕಡೆ ಹೋದರು. ಅದು ಬೈಗುಳಕ್ಕಿಂತ ಕಷ್ಟವಾಯಿತು. ಚಿಕ್ಕೀರಯ್ಯನ ಅಜ್ಜಿಯ ಗೋಡೆಯ ಮುಂದೆ ನಿಂತು ಮೂರರಲ್ಲಿ ತಟ್ಟಿಯೂ ನೋಡಿದೆ, ಕೊನೆಗೆ ಅಂಗೈಯಿಟ್ಟು ನಿಂತೂ ನೋಡಿದೆ. ಗೋಡೆಯಾದದ್ದು ಗೋಡೆಯೇ. ಅವರಿಗೆ ಹೊಸ ಬಾಗಿಲು ಮಾಡಿಕೊಡು ಅಂತ ಬಡಗಿಯ ಬೆನ್ನು ಬಿದ್ದಿದ್ದೇನೆ, ಅವನು ಇನ್ನೂ ಯೋಚಿಸುತ್ತಿದ್ದಾನೆ. ಈಗ ಬೀದಿ ಬೀದಿ ತಿರುಗಿ ಯಜಮಾನಿಯರಿಂದ ಮತ್ತೆ ತಟ್ಟಿಸಿಕೊಂಡು ಹೊಸ ಹಾಳೆ ಬರೆಯುತ್ತಿದ್ದೇನೆ. ನಲವತ್ತು ಬಾಗಿಲು ಕೇಳುವುದರೊಳಗೆ ಮೂರರವು ಒಂಬತ್ತು ಸಿಕ್ಕಿವೆ. ಅಚ್ಚು ಹಾಕಿದ ಚೌಕ ಬಿಟ್ಟು, ಮೊದಲು ಹೆಜ್ಜೆ ಕೇಳುತ್ತೇನೆ, ಆಮೇಲೆ ಹೆಜ್ಜೆಯೊಳಗೆ ಎಷ್ಟು ಕಾಳು ಅಂತ ಕೇಳುತ್ತೇನೆ, ಆಮೇಲೆ ಚೌಕ ಎಳೆಯುತ್ತೇನೆ. ಕೈ ಬಿದ್ದಲ್ಲಿ ಚುಕ್ಕಿ, ಕೈ ಎತ್ತಿದಲ್ಲಿ ಖಾಲಿ, ಕೈ ಎತ್ತದೆ ಅಲ್ಲೇ ಇದ್ದರೆ ಒಂದು ಗೆರೆ.

ಇಪ್ಪತ್ತೆರಡನೆಯ ದಿನ ಚೌಡಮ್ಮನನ್ನು ಮನೆಗೆ ಕರೆತಂದರು. ಒಂದು ಕುರ್ಚಿಯ ಮೇಲೆ ಕೂರಿಸಿ ಚಿಕ್ಕೀರಯ್ಯನೂ ಅವನ ತಮ್ಮನೂ ಎತ್ತಿಕೊಂಡು ಬಂದರು. ಗೋಡೆಮನೆಯವರ ಹೆಗಲ ಮೇಲೆ ಚೌಡಮ್ಮ ಬರುವುದನ್ನು ನೋಡಲು ಬೀದಿ ಪೂರ್ತಿ ಜಗುಲಿಯಲ್ಲಿತ್ತು. ಕುರ್ಚಿಯನ್ನು ಬಾಗಿಲ ಮುಂದೆ ಇಳಿಸಿ ಅವರು ಬೀದಿಗಿಳಿದರು. ಮಾದೇವಿ ಕೂಸನ್ನು ಗಂಡನ ಕೈಗೆ ಕೊಟ್ಟು, ಎಲ್ಲರ ಜೊತೆ ಬೀದಿಯಾಚೆ ಹೋಗಿ ನಿಂತು, ಎರಡೂ ಕಿವಿ ಮುಚ್ಚಿಕೊಂಡಳು. ಏನೂ ಗೊತ್ತಿಲ್ಲದವಳ ಹಾಗೆ. ಬೀದಿಯೆಲ್ಲ ಊ... ಅಂತು. ನಾನೊಬ್ಬಳೇ ಕಿವಿ ಮುಚ್ಚದೆ ಜಗುಲಿಯ ತುದಿಯಲ್ಲಿ ನಿಂತಿದ್ದೆ.

ಚೌಡಮ್ಮ ತಟ್ಟಲಿಲ್ಲ. ಕುರ್ಚಿಯಲ್ಲೇ ತಿರುಗಿ, ಎಡಗೈಯಿಂದ ಬಾ ಅಂತ ಸನ್ನೆ ಮಾಡಿದಳು. ಯಾರನ್ನು ಕರೆಯುತ್ತಿದ್ದಾಳೆ ಅಂತ ಮಾದೇವಿ ಹಿಂದೆ ಮುಂದೆ ನೋಡಿದಳು. "ನಿನ್ನನ್ನೇ ಕಣೇ, ಹೋಗೇ!" ಅಂತ ನಾನೇ ಗದರಬೇಕಾಯಿತು. ಬಂದು ಕುರ್ಚಿಯ ಪಕ್ಕ ಮೊಣಕಾಲೂರಿದಳು. ಚೌಡಮ್ಮ ಮಗಳ ಬಲಗೈ ಹಿಡಿದು ಬಾಗಿಲಿಗೆ ಒತ್ತಿದಳು. ಅದರ ಮೇಲೆ ತನ್ನ ಎಡಗೈ ಇಟ್ಟಳು. ಬೀದಿಯ ಕೂಗು ತನ್ನಷ್ಟಕ್ಕೇ ನಿಂತುಹೋಯಿತು, ಕಿವಿಯ ಮೇಲಿದ್ದ ಕೈಗಳೆಲ್ಲ ಕೆಳಗಿಳಿದಿದ್ದವು. ತಾ-ಕ, ತಾ-ಕ, ತಕಿಟ, ತಾ. ಕೊನೆಯ ಏಟಿಗೆ ಎರಡೂ ಕೈ ಅಲ್ಲೇ ನಿಂತವು, ಬಾಗಿಲು ಒಳಕ್ಕೆ ಸರಿಯಿತು. ಚೌಡಮ್ಮ ಕೈ ಎತ್ತಲಿಲ್ಲ. ಬಾಗಿಲು ಸರಿದು ಗಾಳಿಯಲ್ಲಿ ಉಳಿದ ಮಗಳ ಕೈಯನ್ನು ಹಾಗೇ ತಂದು ತನ್ನ ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಅಂಗೈ ಇಟ್ಟಳು. ಬರೆಯಬೇಕಲ್ಲ ಅಂತ ಎಣಿಸತೊಡಗಿದೆ. ಒಂದು, ಎರಡು, ಮೂರು. ಮೂರಕ್ಕೆ ಮುಗಿಯಬೇಕಿತ್ತು. ಆರಾಯಿತು, ಹನ್ನೆರಡಾಯಿತು. ಕೈ ಅಲ್ಲೇ ಇತ್ತು. ನಾನು ಎಣಿಸುವುದು ಬಿಟ್ಟೆ.